ಸ್ವಭಾವೋಕ್ತಿಯೂ ಆಂಗ್ಲರ ಅಶ್ವಮೃಗಯಾಚಿತ್ರಗಳೂ

ಮಮ್ಮಟಾಚಾರ್ಯನು ಕಾವ್ಯಪ್ರಕಾಶದ ದಶಮೋಲ್ಲಾಸದಲ್ಲಿ ಸ್ವಭಾವೋಕ್ತಿಗೆ ಉದಾಹರಣೆಯಾಗಿ ಬಾಣನ ಹರ್ಷಚರಿತದಿಂದ ಒಂದು ಶ್ಲೋಕವನ್ನು ಎತ್ತಿಕೊಂಡಿರುವುದು ವಿದ್ವಾಂಸರೆಲ್ಲರೂ ಬಲ್ಲ ಸಂಗತಿ. ನಿದ್ದೆಯಿಂದ ಎದ್ದ ಕುದುರೆಯೊಂದು ಮೈಮುರಿಯುವ ಬಗೆಯೇ ಅದರ ವಿಷಯ. ಅದೇ ಗ್ರಂಥದ ಚತುರ್ಥೋಲ್ಲಾಸದಲ್ಲಿ ಭಯಾನಕರಸಕ್ಕೆ ಕೊಟ್ಟಿರುವ ಉದಾಹರಣೆಯಾದರೋ ಶಾಕುಂತಲದ ಮೊದಲನೆಯ ಅಂಕದ್ದು. ದುಷ್ಯಂತನ ರಥಕ್ಕೆ ಬೆದರಿ ಕೊರಳು ತಿರುಹಿ ನೋಡುತ್ತ ಓಡುವ ಜಿಂಕೆಯ ವರ್ಣನೆ ಅದು. ಒಂದು ಕಡೆ ಕುದುರೆ, ಇನ್ನೊಂದು ಕಡೆ ಬೇಟೆ. ಈ ಎರಡು ಶ್ಲೋಕಗಳನ್ನೂ ನಾನು ವಿದ್ಯಾರ್ಥಿಗಳಿಗೆ ಅನೇಕ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದರೂ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಆಲೋಚಿಸುವ ಸಂದರ್ಭ ಒದಗಿರಲಿಲ್ಲ. ಮಿತ್ರರೊಬ್ಬರ ಮನೆಯಲ್ಲಿ ಆಂಗ್ಲದೇಶದ ಅಶ್ವಚಿತ್ರಗಳ ದೊಡ್ಡದೊಂದು ಸಂಪುಟವನ್ನು ಕಂಡಮೇಲೆ ಆ ಸಂದರ್ಭವು ಒದಗಿತು. ಮೂಲಚಿತ್ರಗಳನ್ನು ನಾನು ಕಂಡವನಲ್ಲ. ಪ್ರತಿಕೃತಿಗಳನ್ನು ನೋಡಿ ಹೇಳುವ ಮಾತೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕಾಗಿ ಪ್ರಾರ್ಥನೆ.

ಸ್ವಭಾವೋಕ್ತಿಯು ಅಲಂಕಾರವೇ ಅಲ್ಲವೇ ಎಂಬ ವಿವಾದ ನಮ್ಮ ಶಾಸ್ತ್ರದಲ್ಲಿ ಹಳೆಯದು. ದಂಡಿಯು ಅದಕ್ಕೆ ಅಲಂಕಾರಗಳಲ್ಲಿ ಮೊದಲ ಸ್ಥಾನವನ್ನು ಕೊಟ್ಟು ಜಾತಿಯೆಂಬ ಬೇರೊಂದು ಹೆಸರನ್ನೂ ಹೇಳಿದನು. ಕುಂತಕನು ಇದನ್ನು ಒಪ್ಪಲಿಲ್ಲ. ವಸ್ತುವಿನ ಸ್ವಭಾವವೇ ಅಲಂಕಾರವಾದರೆ ಅಲಂಕರಿಸಬೇಕಾದ ಶರೀರ ಯಾವುದು, ಯಾರಾದರೂ ತನ್ನ ಹೆಗಲನ್ನು ತಾನೇ ಏರಬಲ್ಲನೇ ಎಂಬುದು ಅವನ ಆಕ್ಷೇಪ. ಈ ವಾದವನ್ನು ಶಬ್ದಗಳ ನಡುವೆಯೇ ತೀರಿಸಿಬಿಡುವುದು ನಮ್ಮ ಅಭ್ಯಾಸ. ಆದರೆ ಇದ್ದುದನ್ನು ಇದ್ದಂತೆ ತೋರಿಸುವುದೇ ತನ್ನ ಕಸುಬೆಂದು ಹೊರಟ ಒಂದು ಚಿತ್ರಪರಂಪರೆಯು ಕಣ್ಣೆದುರಿಗಿರುವಾಗ ಅದನ್ನು ಅಲ್ಲಿ ಪರೀಕ್ಷಿಸಿ ನೋಡಬಾರದೇಕೆ?

ಮೊದಲು ಆ ಪರಂಪರೆಯ ವಿಚಾರ. ಇಂಗ್ಲೆಂಡಿನಲ್ಲಿ ಕುದುರೆಯ ಓಟ, ನರಿಬೇಟೆ, ಜಿಂಕೆಬೇಟೆ ಇವುಗಳನ್ನೇ ವಿಷಯವಾಗಿ ಮಾಡಿಕೊಂಡ ಚಿತ್ರಕಾರರ ಒಂದು ವರ್ಗವು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡಿತು. ಎರಡನೆಯ ಚಾರ್ಲ್ಸ್ ದೊರೆಯ ಸಮ್ಮುಖದಲ್ಲಿ ನಡೆದ ಕಡೆಯ ಕುದುರೆ ಓಟವನ್ನು ಫ್ರಾನ್ಸಿಸ್ ಬಾರ್ಲೋ ಎಂಬವನು ೧೬೮೭ರಲ್ಲಿ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚುಹಾಕಿಸಿದನು. ಅನಂತರ ಆಂಟ್‌ವರ್ಪಿನಿಂದ ಬಂದ ಪೀಟರ್ ಟಿಲ್ಲೆಮನ್ಸ್, ದೇಶೀಯರಾದ ಜಾನ್ ವೂಟನ್, ಜೇಮ್ಸ್ ಸೀಮೋರ್ ಮೊದಲಾದವರು ಭೂಮಾಲಿಕರ ಲಾಯಗಳಿಗೂ ನ್ಯೂಮಾರ್ಕೆಟ್ಟಿನ ಬಯಲಿಗೂ ಆಸ್ಥಾನ ಚಿತ್ರಕಾರರಂತಾದರು. ಪೂರ್ವದೇಶಗಳಿಂದ ತರಿಸಿದ ಗಂಡುಕುದುರೆಗಳನ್ನು ದೇಶೀಯ ಹೆಣ್ಣುಕುದುರೆಗಳೊಡನೆ ಕೂಡಿಸಿ ಓಟದ ತಳಿಯನ್ನು ಬೆಳೆಸಿದ ಕಾಲವೂ ಇದೇ. ಇಂದಿನ ಓಟದ ಕುದುರೆಗಳೆಲ್ಲವೂ ಪಿತೃಪರಂಪರೆಯಲ್ಲಿ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಿಗೆ ಸಲ್ಲುತ್ತವೆ. ೧೭೯೧ರಲ್ಲಿ ಇವುಗಳ ವಂಶಾವಳಿಯ ಪುಸ್ತಕವೇ ಅಚ್ಚಾಯಿತು. ಕುದುರೆಗೆ ಗೋತ್ರಪ್ರವರಗಳು ಏರ್ಪಟ್ಟಮೇಲೆ ಅದರ ಭಾವಚಿತ್ರವೂ ಬೇಕಾದುದು ಸಹಜವೇ. ಹೆಂಡತಿಯ ಚಿತ್ರಕ್ಕೆ ಹತ್ತು ಗಿನಿ ಹೆಚ್ಚೆನ್ನುವವನು ಕುದುರೆಯ ಚಿತ್ರಕ್ಕೆ ಐವತ್ತು ಗಿನಿ ಕೊಡುತ್ತಾನೆಂಬರ್ಥದ ಮಾತೊಂದನ್ನು ಬೆನ್ ಮಾರ್ಷಲ್ ಎಂಬ ಚಿತ್ರಕಾರನು ಆಡಿದನೆಂದು ಪ್ರಸಿದ್ಧಿ. ಅವನು ೧೮೧೨ರಲ್ಲಿ ಲಂಡನ್ನನ್ನು ಬಿಟ್ಟು ನ್ಯೂಮಾರ್ಕೆಟ್ಟಿಗೇ ಹೋಗಿ ನೆಲಸಿದನು.

ಆದಕಾರಣ ಈ ಚಿತ್ರಗಳಲ್ಲಿ ಬಹುಭಾಗವು ಸ್ವತ್ತಿನ ದಾಖಲೆಯೇ ಹೊರತು ಕಲೆಯಲ್ಲವೆಂದು ಹೇಳುವವರುಂಟು. ಈ ಮಾತು ಸುಳ್ಳಲ್ಲ. ಆದರೆ ನಮ್ಮ ಶಾಸನಕವಿಗಳ ಪ್ರಶಸ್ತಿಗಳೂ ದಾನದ ದಾಖಲೆಗಳೇ. ಅವುಗಳಲ್ಲಿ ಕಾವ್ಯವಿಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ದಾಖಲೆಯಾಗಿ ಹುಟ್ಟಿದುದು ದಾಖಲೆಯಾಗಿಯೇ ಉಳಿಯಿತೋ ಅದನ್ನು ಮೀರಿತೋ ಎಂಬುದನ್ನು ಒಂದೊಂದು ಕೃತಿಯಲ್ಲಿಯೂ ಬೇರೆ ಬೇರೆಯಾಗಿ ನೋಡಬೇಕು.

ಈ ವರ್ಗದ ಚಿತ್ರಗಳಲ್ಲೆಲ್ಲ ಮೊದಲು ಕಣ್ಣಿಗೆ ಬೀಳುವುದು ಓಡುವ ಕುದುರೆಯ ಭಂಗಿ. ಮುಂಗಾಲೆರಡೂ ಮುಂದಕ್ಕೆ, ಹಿಂಗಾಲೆರಡೂ ಹಿಂದಕ್ಕೆ ಚಾಚಿ, ನಾಲ್ಕು ಗೊರಸುಗಳೂ ನೆಲವನ್ನು ಬಿಟ್ಟು, ಹೊಟ್ಟೆ ಹುಲ್ಲಿಗೆ ತಾಗುವಂತೆ ಕುದುರೆಯು ಹಾರುತ್ತಿರುತ್ತದೆ. ವೂಟನನಿಂದ ಹೆನ್ರಿ ಆಲ್ಕೆನನವರೆಗೆ ನೂರು ವರ್ಷಗಳಿಗೂ ಮೇಲ್ಪಟ್ಟು ಇದೇ ಭಂಗಿ. ಫ್ರೆಂಚ್ ಚಿತ್ರಕಾರನಾದ ಜೆರಿಕೋ ಇಂಗ್ಲೆಂಡಿಗೆ ಬಂದು ೧೮೨೧ರಲ್ಲಿ ಎಪ್ಸಮ್ ಓಟವನ್ನು ಬರೆದಾಗಲೂ ಇದನ್ನೇ ಅನುಸರಿಸಿದನು. ಹೀಗಿರಲು ೧೮೭೮ರಲ್ಲಿ ಮೈಬ್ರಿಜ್ ಎಂಬವನು (ಹುಟ್ಟಿನಿಂದ ಆಂಗ್ಲನೇ) ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಓಟದ ದಾರಿಯ ಉದ್ದಕ್ಕೂ ಛಾಯಾಯಂತ್ರಗಳನ್ನು ಸಾಲಾಗಿಟ್ಟು ಓಡುವ ಕುದುರೆಯನ್ನು ಕ್ಷಣಕ್ಷಣಕ್ಕೂ ಹಿಡಿದನು. ನಾಗಾಲೋಟದಲ್ಲಿ ನಾಲ್ಕು ಗೊರಸುಗಳೂ ನೆಲ ಬಿಡುವ ಕ್ಷಣವೊಂದು ಉಂಟೆಂಬುದು ಅದರಿಂದ ಸಿದ್ಧವಾಯಿತು; ಆದರೆ ಆ ಕ್ಷಣದಲ್ಲಿ ಕಾಲುಗಳು ಹೊರಕ್ಕೆ ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಒಟ್ಟುಗೂಡಿರುತ್ತವೆಂಬುದೂ ಸಿದ್ಧವಾಯಿತು. ಅಷ್ಟು ಕಾಲದ ಚಿತ್ರಗಳೆಲ್ಲ ಒಂದೇ ದಿನದಲ್ಲಿ ಸುಳ್ಳಾದವು.

ಸುಳ್ಳಾದವೆಂದೆನು, ಅದು ತರ್ಕದ ಮಾತು. ಅಲಂಕಾರಶಾಸ್ತ್ರದ ಮಾತು ಬೇರೆ. ಲೋಕದಲ್ಲಿಲ್ಲದುದನ್ನೂ ಶಾಸ್ತ್ರದಲ್ಲಿಲ್ಲದುದನ್ನೂ ಕವಿಗಳು ಪರಂಪರೆಯಿಂದ ಹೇಳುತ್ತ ಬಂದಿದ್ದರೆ ಅದು ದೋಷವಲ್ಲ, ಕವಿಸಮಯವೆಂದು ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ನಿರ್ಣಯಿಸಿದ್ದಾನೆ. ಚಕೋರವು ಬೆಳುದಿಂಗಳನ್ನು ಕುಡಿಯುವುದಿಲ್ಲವೆಂದು ಪಕ್ಷಿಶಾಸ್ತ್ರಜ್ಞನು ತೋರಿಸಿಕೊಟ್ಟ ಮಾತ್ರಕ್ಕೆ ಬೆಳುದಿಂಗಳ ವರ್ಣನೆ ಕೆಡಲಿಲ್ಲ. ಚಾಚಿದ ಕಾಲುಗಳ ಭಂಗಿಯೂ ಚಿತ್ರಕಾರರ ಒಂದು ಸಮಯ. ಅದು ವೇಗವನ್ನು ಹೇಳುವುದಿಲ್ಲ, ಧ್ವನಿಸುತ್ತದೆ. ಮೈಬ್ರಿಜನ ಛಾಯಾಚಿತ್ರದಲ್ಲಿ ಕಾಲು ಮಡಿಸಿಕೊಂಡ ಕುದುರೆಯು ಸತ್ಯವಾದುದಾದರೂ ಓಡುತ್ತಿರುವಂತೆ ತೋರುವುದಿಲ್ಲ, ದಾರದಿಂದ ತೂಗುಹಾಕಿದ ಗೊಂಬೆಯಂತೆ ತೋರುತ್ತದೆ. ಇಷ್ಟು ಮಟ್ಟಿಗೆ ಹಳಬರ ಪಕ್ಷವನ್ನು ನಾನು ವಹಿಸುತ್ತೇನೆ. ಆದರೆ ಕವಿಸಮಯಕ್ಕೂ ಕೈಚಟಕ್ಕೂ ಭೇದವಿದೆ. ಚಕೋರವನ್ನು ಎಲ್ಲಿ ತರಬೇಕೆಂಬುದನ್ನು ಕಾಳಿದಾಸನು ಬಲ್ಲನು. ಅವನ ಅನುಕರಣಕಾರನು ಪ್ರತಿ ಚಂದ್ರೋದಯಕ್ಕೂ ತಂದುಬಿಡುತ್ತಾನೆ. ಆಲ್ಕೆನನ ಬಣ್ಣದ ಅಚ್ಚುಗಳಲ್ಲಿ ಬೇಲಿ ಹಾರುವ ಕುದುರೆ, ಹಳ್ಳಕ್ಕೆ ಬೀಳುವ ಸವಾರ, ಕೆಂಪು ಕೋಟು ಇವೆಲ್ಲವೂ ಚುರುಕಾಗಿವೆ, ನಗೆಯೂ ಬರುತ್ತದೆ. ಹತ್ತನ್ನು ನೋಡಿದವನಿಗೆ ಹನ್ನೊಂದನೆಯದು ಬೇಡ.

ಈಗ ಜಾರ್ಜ್ ಸ್ಟಬ್ಸನ ವಿಷಯ. ಈ ಲೇಖನಕ್ಕೆ ಕಾರಣಪುರುಷನೇ ಅವನು. ಅವನು ೧೭೨೪ರಲ್ಲಿ ಲಿವರ್‌ಪೂಲಿನಲ್ಲಿ ತೊಗಲು ಹದಮಾಡುವವನ ಮಗನಾಗಿ ಹುಟ್ಟಿ ೧೮೦೬ರಲ್ಲಿ ತೀರಿಕೊಂಡನು. ಸುಮಾರು ೧೭೫೬ರಲ್ಲಿ ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯ ತೋಟದ ಮನೆಯೊಂದನ್ನು ಹಿಡಿದು, ಸತ್ತ ಕುದುರೆಗಳನ್ನು ಕಬ್ಬಿಣದ ಕೊಕ್ಕೆಗಳಿಂದ ಸೂರಿಗೆ ತೂಗುಹಾಕಿ, ನಿಂತಿರುವ ಭಂಗಿಯಲ್ಲಿಯೇ ಇರುವಂತೆ ಮಾಡಿ, ಚರ್ಮ ಮಾಂಸ ಸ್ನಾಯುಗಳನ್ನು ಪದರಪದರವಾಗಿ ಬಿಡಿಸುತ್ತ ಎಲುಬಿನವರೆಗೂ ಬರೆದುಕೊಂಡನು. ಈ ಕೆಲಸ ಸುಮಾರು ಹದಿನೆಂಟು ತಿಂಗಳು ನಡೆಯಿತು. ಜೊತೆಗಿದ್ದವಳು ಮೇರಿ ಸ್ಪೆನ್ಸರ್ ಎಂಬ ಹೆಂಗಸು. ಕೊಳೆಯುವ ಮೃಗಶರೀರಗಳ ನಡುವೆ ಅವರು ಸಹಿಸಿದ ದುರ್ಗಂಧವನ್ನು ನೆನೆದರೆ ಮಡಿವಂತನಾದ ನನ್ನಂಥವನಿಗೆ ಮೈ ಜುಮ್ಮೆನ್ನುತ್ತದೆ. ಆದರೂ ತಪಸ್ಸೆಂಬ ಶಬ್ದವನ್ನಲ್ಲದೆ ಬೇರೊಂದನ್ನು ಇದಕ್ಕೆ ಹೇಳಲಾರೆ. ಆ ರೇಖಾಚಿತ್ರಗಳನ್ನು ಕೆತ್ತಲು ಲಂಡನ್ನಿನ ಕೆತ್ತನೆಗಾರರು ಒಪ್ಪದಿದ್ದಾಗ ತಾನೇ ಕೆತ್ತಿ ೧೭೬೬ರಲ್ಲಿ 'ಅಶ್ವಶರೀರರಚನೆ' ಎಂಬರ್ಥದ ಹೆಸರಿನಿಂದ ಪ್ರಕಟಿಸಿದನು.

ಇಂಥ ಜ್ಞಾನವಿದ್ದವನು ಬರೆದ ಕುದುರೆ ಹೇಗಿರಬಹುದು? ಅಂಗಾಂಗಗಳ ಪಟ್ಟಿಯಂತಿರಬಹುದೆಂದು ಕುಂತಕನ ಶಿಷ್ಯನು ಊಹಿಸಿಯಾನು. ಸುಮಾರು ೧೭೬೨ರಲ್ಲಿ ರಾಕಿಂಗ್‌ಹ್ಯಾಮ್ ಮಾರ್ಕ್ವಿಸನಿಗಾಗಿ ಬರೆದ 'ವಿಸಲ್‌ಜಾಕೆಟ್' ಎಂಬ ಕುದುರೆಯ ಚಿತ್ರವನ್ನು ಅವನಿಗೆ ತೋರಿಸಬೇಕು. ಎತ್ತರ ೯½ ಅಡಿಗೂ ಸ್ವಲ್ಪ ಹೆಚ್ಚು, ಅಗಲ ೮ ಅಡಿ. ನಿಜವಾದ ಕುದುರೆಯಷ್ಟೇ ದೊಡ್ಡದು. ಮುಂಗಾಲೆತ್ತಿ ನಿಂತಿದೆ. ಬೆನ್ನಮೇಲೆ ಜೀನಿಲ್ಲ, ಸವಾರನಿಲ್ಲ, ಬಾಯಿಗೆ ಕಡಿವಾಣವಿಲ್ಲ. ಹಿಂದೆ ಗಿಡಮರ ಬೆಟ್ಟ ಮೋಡ ಒಂದೂ ಇಲ್ಲ. ತಿಳಿ ಕಂದುಬಣ್ಣದ ಬಯಲು, ಹಿಂಗಾಲ ಗೊರಸುಗಳ ಕೆಳಗೆ ಎರಡು ತುಂಡು ನೆರಳು, ಅಷ್ಟೇ. ಆ ಕುದುರೆಯೇ ತನ್ನ ಚಿತ್ರವನ್ನು ಕಂಡು ಬೇರೊಂದು ಗಂಡುಕುದುರೆಯೆಂದು ಭ್ರಮಿಸಿ ಮೇಲೆ ಬೀಳಲು ಹೊರಟಿತೆಂಬ ಐತಿಹ್ಯವಿದೆ. ಚಿತ್ರಕಾರರನ್ನು ಹೊಗಳಲು ಎಲ್ಲ ದೇಶಗಳಲ್ಲಿಯೂ ಇಂಥ ಕಥೆ ಹುಟ್ಟುವುದರಿಂದ ಅದಕ್ಕೆ ನಾನು ಬೆಲೆ ಕಟ್ಟುವುದಿಲ್ಲ. ನನಗೆ ಮುಖ್ಯವಾದುದು ಅಲ್ಲಿ ಬಿಟ್ಟಿರುವ ವಸ್ತುಗಳು. ಇದ್ದುದನ್ನು ಇದ್ದಂತೆ ಬರೆಯುವವನಾಗಿದ್ದರೆ ಲಾಯವನ್ನೂ ಹುಲ್ಲನ್ನೂ ಬರೆಯಬೇಕಾಗಿತ್ತು. ಅವನು ಕುದುರೆಯ ಕುದುರೆತನವೊಂದನ್ನುಳಿದು ಮಿಕ್ಕ ಲೋಕವನ್ನೆಲ್ಲ ತೆಗೆದುಹಾಕಿದನು. ಯಾವುದು ಸ್ವಭಾವ, ಯಾವುದು ಅಲ್ಲ ಎಂದು ಆರಿಸುವ ಕವಿವ್ಯಾಪಾರವೇ ಇಲ್ಲಿ ಅಲಂಕಾರಸ್ಥಾನದಲ್ಲಿದೆ. ಕುಂತಕನ ಹೆಗಲಿನ ದೃಷ್ಟಾಂತಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗ್ರಂಥಗಳಲ್ಲಿ ದೊರೆತಿರಲಿಲ್ಲ. ಬಾಣನ ಶ್ಲೋಕದಲ್ಲಿಯೂ ಲಾಯವಿಲ್ಲ, ಕುದುರೆಯಾಳಿಲ್ಲವೆಂಬುದನ್ನು ನಾನು ಗಮನಿಸಿದ್ದೇ ಈ ಚಿತ್ರವನ್ನು ನೋಡಿದ ಮೇಲೆ.

ಸ್ಟಬ್ಸನು ಸಮಯವನ್ನು ಪೂರ್ತಿಯಾಗಿ ಬಿಟ್ಟವನೆಂದು ಹೇಳಿದರೆ ತಪ್ಪಾಗುತ್ತದೆ. ೧೭೬೫ರ 'ಗಿಮ್‌ಕ್ರ್ಯಾಕ್' ಚಿತ್ರದಲ್ಲಿ ಒಂದೇ ಕುದುರೆಯನ್ನು ಎರಡು ಬಾರಿ ತೋರಿಸಿದ್ದಾನೆ: ದೂರದಲ್ಲಿ ಓಟ ಗೆಲ್ಲುತ್ತಿರುವುದು, ಹತ್ತಿರದಲ್ಲಿ ಓಟ ಮುಗಿಸಿ ಮೈ ಒರಸಿಸಿಕೊಳ್ಳುತ್ತಿರುವುದು. ಒಂದು ಭಿತ್ತಿಯಲ್ಲಿ ಎರಡು ಕಾಲಗಳನ್ನು ಕೂಡಿಸುವ ಈ ರೀತಿ ಅಜಂತೆಯ ಚಿತ್ರಗಳನ್ನು ಬಲ್ಲವರಿಗೆ ಹೊಸದಲ್ಲ. ದೂರದ ಕುದುರೆಗಳಿಗೆ ಅವನೂ ಕಾಲು ಚಾಚಿಸಿದ್ದಾನೆ. ಆದರೆ ಆ ಭಾಗವನ್ನು ಅಷ್ಟು ಚಿಕ್ಕದಾಗಿಸಿ, ಗೆಲುವಿಗಿಂತ ಗೆದ್ದ ಬಳಿಕದ ಮೌನಕ್ಕೆ ಚಿತ್ರದ ಮುಂಭಾಗವನ್ನು ಕೊಟ್ಟುದರಲ್ಲಿ ಅವನ ಮನಸ್ಸು ಎತ್ತಲಿತ್ತೆಂಬುದು ತಿಳಿಯುತ್ತದೆ. ಪ್ರೇಕ್ಷಕರ ಗುಂಪು ಎಲ್ಲಿಯೂ ಇಲ್ಲ.

ಈ ಮನಸ್ಸು ಪಕ್ವವಾಗಿ ಕಾಣುವುದು ೧೮೦೦ರಲ್ಲಿ, ಎಪ್ಪತ್ತಾರನೆಯ ವಯಸ್ಸಿನಲ್ಲಿ, ಅವನು ಬರೆದ 'ಹ್ಯಾಂಬಲ್‌ಟೋನಿಯನ್' ಎಂಬ ೧೨ ಅಡಿ ಅಗಲದ ಚಿತ್ರದಲ್ಲಿ. ಹಿಂದಿನ ವರ್ಷ ನ್ಯೂಮಾರ್ಕೆಟ್ಟಿನಲ್ಲಿ ಡೈಮಂಡ್ ಎಂಬ ಕುದುರೆಯೊಡನೆ ನಡೆದ ನಾಲ್ಕು ಮೈಲಿಗಳಿಗೂ ಮೀರಿದ ಪಂದ್ಯದಲ್ಲಿ ಹ್ಯಾಂಬಲ್‌ಟೋನಿಯನ್ ಕೂದಲೆಳೆಯ ಅಂತರದಲ್ಲಿ ಗೆದ್ದಿತ್ತು. ಚಾವಟಿಯಿಂದಲೂ ಹಿಮ್ಮಡಿಯ ಮುಳ್ಳಿನಿಂದಲೂ ಎರಡು ಕುದುರೆಗಳೂ ಗಾಸಿಗೊಂಡಿದ್ದವು. ಒಡೆಯನಾದ ಸರ್ ಹೆನ್ರಿ ವೇನ್ ಟೆಂಪೆಸ್ಟನು ಬೇಡಿದುದು ವಿಜಯದ ಸ್ಮಾರಕ. ಚಿತ್ರಕಾರನು ಬರೆದುಕೊಟ್ಟುದು ಬಳಲಿ ಕಿವಿ ಹಿಂದಕ್ಕೆ ಮಾಡಿ ಬಾಯಿ ತೆರೆದ ಒಂದು ಪ್ರಾಣಿಯನ್ನು. ಕುದುರೆಯು ಒಂದೇ ಪಕ್ಕದ ಎರಡು ಕಾಲುಗಳನ್ನೆತ್ತಿದೆ. ಹಾಗೆ ನಿಂತರೆ ಬಿದ್ದುಹೋಗಬೇಕೆಂದು ತಿಳಿದವರು ಹೇಳುತ್ತಾರೆ. ಅಶ್ವಶರೀರವನ್ನು ಎಲುಬೆಲುಬಾಗಿ ಬಲ್ಲವನಿಗೆ ಇದು ತಿಳಿಯದೇ? ತಿಳಿದೇ ಬರೆದನೆಂದು ನನ್ನ ಮತ. ಬೀಳಲಿರುವ ಕುದುರೆಯನ್ನು ಇಕ್ಕೆಲದಲ್ಲಿರುವ ಇಬ್ಬರು ಸೇವಕರು ಹಿಡಿದು ನಿಲ್ಲಿಸಿದಂತೆ ತೋರಬೇಕೆಂಬುದು ಅವನ ಆಶಯವಾಗಿರಬೇಕು. ಅವರಲ್ಲಿ ಒಬ್ಬನು ಕುದುರೆಯ ಬೆನ್ನಮೇಲೆ ತೋಳು ಹಾಕಿದ್ದಾನೆ; ಇಬ್ಬರೂ ನೆಟ್ಟನೆ ನಮ್ಮನ್ನೇ ನೋಡುತ್ತಾರೆ. ಆ ನೋಟದಲ್ಲಿ ವಿನಯವಿಲ್ಲ, ದರ್ಪವೂ ಇಲ್ಲ. ಒಡೆಯನು ಚಿತ್ರದಲ್ಲಿಲ್ಲ. ಹಣಕ್ಕಾಗಿ ಸ್ಟಬ್ಸನು ನ್ಯಾಯಾಲಯದ ಮೆಟ್ಟಿಲನ್ನು ಹತ್ತಬೇಕಾಯಿತೆಂದರೆ ಆಶ್ಚರ್ಯವಿಲ್ಲ. ಪ್ರಶಸ್ತಿಯನ್ನು ಬೇಡಿದವನಿಗೆ ಕರುಣರಸ ದೊರೆತರೆ ಅವನು ಹೇಗೆ ಸುಮ್ಮನಿದ್ದಾನು?

ಈ ಚಿತ್ರಕಾರನು ಬದುಕಿರುವಾಗ ಕುದುರೆ ಬರೆಯುವವನೆಂದೇ ಎಣಿಸಲ್ಪಟ್ಟನು. ೧೭೬೮ರಲ್ಲಿ ಸ್ಥಾಪಿತವಾದ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷನಾದ ರೆನಾಲ್ಡ್ಸನ ಮತದಲ್ಲಿ ಪುರಾಣೇತಿಹಾಸದ ಚಿತ್ರಕ್ಕೆ ಅಗ್ರಪೀಠ. ಪ್ರಾಣಿಚಿತ್ರವು ಬಹಳ ಕೆಳಗೆ. ಮಹಾಕಾವ್ಯವು ಮೇಲು, ಮುಕ್ತಕವು ಕೀಳೆಂಬ ನಮ್ಮವರ ಎಣಿಕೆಯೂ ಇಂಥದೇ. ಅಮರುಕನ ಒಂದು ಶ್ಲೋಕ ನೂರು ಪ್ರಬಂಧಗಳಿಗೆ ಸಮವೆಂಬ ಪ್ರಸಿದ್ಧಿಯೂ ಆ ಎಣಿಕೆಯನ್ನು ಅಲುಗಿಸಲಿಲ್ಲ. 'ವಿಸಲ್‌ಜಾಕೆಟ್' ಚಿತ್ರವನ್ನು ಲಂಡನ್ನಿನ ನ್ಯಾಷನಲ್ ಗ್ಯಾಲರಿಯು ಒಂದು ಕೋಟಿ ಹತ್ತು ಲಕ್ಷ ಪೌಂಡು ಕೊಟ್ಟು ಕೊಂಡುಕೊಂಡದ್ದು ೧೯೯೭ರಲ್ಲಿ. ಅದಕ್ಕೂ ಮೊದಲೇ ಈ ವರ್ಗದ ಚಿತ್ರಗಳ ಬೆಲೆಯನ್ನರಿತು ಕೂಡಿಟ್ಟವನು ಅಮೆರಿಕದ ಪಾಲ್ ಮೆಲ್ಲನ್. ಅವನು ೧೯೩೬ರಲ್ಲಿ ಕೊಂಡ ಸ್ಟಬ್ಸನ ಮೊದಲ ಚಿತ್ರದ ಹೆಸರು 'ಪಂಪ್‌ಕಿನ್, ಲಾಯದ ಹುಡುಗನೊಡನೆ'.

ಇನ್ನು ಬೇಟೆಯ ಚಿತ್ರಗಳು. ಇಲ್ಲಿ ನನ್ನ ಪ್ರಶಂಸೆಯು ತಗ್ಗುತ್ತದೆ.

ನರಿಬೇಟೆಯು ಇಂಗ್ಲೆಂಡಿನಲ್ಲಿ ಪ್ರಬಲವಾದುದು ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದೀಚೆಗೆ. ಲೆಸ್ಟರ್‌ಶೈರಿನ ಕ್ವಾರ್ನ್ ಎಂಬಲ್ಲಿ ಹ್ಯೂಗೋ ಮೆನೆಲ್ ಎಂಬ ಶ್ರೀಮಂತನು ವೇಗವಾದ ಬೇಟೆನಾಯಿಗಳ ತಳಿಯನ್ನು ಬೆಳೆಸಿದನು. ನಾಯಿ ವೇಗವಾದರೆ ಕುದುರೆಯೂ ವೇಗವಾಗಬೇಕು. ಊರೊಟ್ಟಿನ ಬಯಲುಗಳಿಗೆ ಕಾಯಿದೆಯಿಂದ ಬೇಲಿ ಹಾಕಿಸಿ ಖಾಸಗಿಯ ಸ್ವತ್ತಾಗಿಸಿದ ಕಾಲವೂ ಅದೇ ಆದುದರಿಂದ ಬೇಲಿ ಹಾರುವ ಸಾಹಸವು ಬೇಟೆಯ ಮುಖ್ಯ ಸೊಗಸಾಯಿತು. ಚಿತ್ರದಲ್ಲಿ ಕುದುರೆಯು ಹಾರುವ ಆ ಬೇಲಿಯು ರೈತನ ದನ ಮೇಯುತ್ತಿದ್ದ ಬಯಲನ್ನು ಮುಚ್ಚಿದ ಬೇಲಿಯೆಂಬುದನ್ನು ಚಿತ್ರವು ಹೇಳುವುದಿಲ್ಲ. ೧೬೭೧ರ ಕಾಯಿದೆಯ ಮೇರೆಗೆ ಇಷ್ಟು ಆಸ್ತಿಯುಳ್ಳವನಿಗೇ ಮೊಲ, ಕವುಜುಗ ಮೊದಲಾದವುಗಳ ಬೇಟೆಯ ಹಕ್ಕೆಂದಿದ್ದುದು ೧೮೩೧ರವರೆಗೂ ನಡೆಯಿತು. ಮೆಲ್ಟನ್ ಮೋಬ್ರೆಯಲ್ಲಿ ನೆಲಸಿದ್ದ ಜಾನ್ ಫರ್ನ್ಲಿಯು (ಮಾರ್ಷಲನ ಶಿಷ್ಯ, ಗಾಲಿ ಮಾಡುವ ಬಡಗಿಯ ಮಗ) ಬೇಟೆಗಾರರ ಗುಂಪುಗಳನ್ನು ಬರೆದ ದೊಡ್ಡ ಚಿತ್ರಗಳಲ್ಲಿ ಒಬ್ಬೊಬ್ಬ ಸವಾರನ ಮುಖವೂ ಒಂದೊಂದು ಕುದುರೆಯ ಬಣ್ಣವೂ ಗುರುತು ಹಿಡಿಯುವಂತಿವೆ. ಆಕಾಶವು ತಿಳಿಯಾಗಿದೆ, ನೆಲವು ಒದ್ದೆಯಾಗಿದೆ, ಕೈ ನುರಿತದ್ದು. ಎಲ್ಲವೂ ಇದೆ, ನರಿಯೊಂದನ್ನು ಹುಡುಕಬೇಕು. ಇದ್ದರೂ ಚಿತ್ರದ ಅಂಚಿನಲ್ಲಿ ಬೆರಳುಗುರಿನಷ್ಟು.

ಇಲ್ಲಿ ಮಮ್ಮಟನ ಎರಡನೆಯ ಉದಾಹರಣೆಯನ್ನು ನೆನೆಯಬೇಕು. ಬೇಟೆಯಾಡುವವನು ಚಕ್ರವರ್ತಿ, ನಾಟಕದ ನಾಯಕ. ವರ್ಣನೆಯನ್ನು ಹೇಳುತ್ತಿರುವವನೂ ಅವನೇ. ಹೀಗಿದ್ದೂ ಆಲಂಕಾರಿಕನು ಅದರಲ್ಲಿ ಕಂಡುದು ವೀರವಲ್ಲ, ಭಯಾನಕ. ರಸಕ್ಕೆ ಆಶ್ರಯವಾದುದು ಜಿಂಕೆಯ ಭಯ. ಕೊಲ್ಲಹೊರಟವನ ಬಾಯಿಂದಲೇ ಕೊಲೆಗೆ ಈಡಾಗುವುದರ ಭಯವನ್ನು ಹೇಳಿಸಿದ ಕವಿಯ ಧೈರ್ಯ ಸಾಮಾನ್ಯವಲ್ಲ. ಆಂಗ್ಲ ಮೃಗಯಾಚಿತ್ರಗಳಲ್ಲಿ ಉತ್ಸಾಹವೆಂಬ ಸ್ಥಾಯಿಯುಂಟು. ಆಲಂಬನವನ್ನೇ ಮರೆಮಾಡಿದುದರಿಂದ ಅದು ರಸದವರೆಗೆ ಹೋಗದೆ ವಿನೋದದಲ್ಲಿಯೇ ನಿಲ್ಲುತ್ತದೆ.

ಬೇಟೆಗಾರರ ಪಕ್ಷದಿಂದ ಒಂದು ಸಮಾಧಾನವಿದೆ. ಅವರಿಗೆ ಬೇಕಾದುದು ನರಿಯ ಸಾವಲ್ಲ, ಓಟ. ಆದುದರಿಂದ ಚಿತ್ರಕಾರನು ಓಟವನ್ನೇ ಬರೆದನೆನ್ನಬಹುದು. ಮೃಗಯೆಯು ದೇಹವನ್ನು ಹಗುರಮಾಡುತ್ತದೆ, ಚಲಿಸುವ ಗುರಿಯನ್ನು ಹೊಡೆಯುವುದನ್ನು ಕಲಿಸುತ್ತದೆ, ಪ್ರಾಣಿಗಳ ಭಯಕ್ರೋಧಗಳನ್ನು ತಿಳಿಸುತ್ತದೆಂದು ಶಾಕುಂತಲದ ಸೇನಾಪತಿಯೂ ಕೌಟಿಲ್ಯನೂ ಹೇಳಿದ್ದಾರೆ. ಮನುವಾದರೋ ಅದನ್ನು ಕಾಮಜವ್ಯಸನಗಳಲ್ಲಿ ಸೇರಿಸಿದನು. ಈ ವಾದವು ನಾಯಿಗಳಿಂದ ನರಿಯನ್ನು ಬೇಟೆಯಾಡುವುದನ್ನು ನಿಷೇಧಿಸಿದ ೨೦೦೪ರ ಕಾಯಿದೆಯು ಇಂಗ್ಲೆಂಡ್ ವೇಲ್ಸ್‌ಗಳಲ್ಲಿ ೨೦೦೫ರ ಫೆಬ್ರವರಿಯಿಂದ ಜಾರಿಗೆ ಬರುವವರೆಗೂ ಅಲ್ಲಿ ನಡೆದೇ ಇತ್ತು. ಧರ್ಮಾಧರ್ಮದ ಆ ನಿರ್ಣಯವು ನನ್ನದಲ್ಲ. ನನ್ನ ಆಕ್ಷೇಪಣೆ ಇಷ್ಟೇ: ಓಟವು ಯಾವುದರಿಂದ ಓಟವಾಯಿತೋ ಅದನ್ನು ಬಿಟ್ಟು ಬರೆದ ಚಿತ್ರವು ಸ್ವಭಾವೋಕ್ತಿಯಲ್ಲ. 'ವಿಸಲ್‌ಜಾಕೆಟ್'ನಲ್ಲಿ ಬಿಟ್ಟುದು ಅಪ್ರಕೃತವನ್ನು. ಇಲ್ಲಿ ಬಿಟ್ಟುದು ಪ್ರಕೃತವನ್ನೇ.

ಭಯವನ್ನು ತೋರಿಸಿದವರು ಇಲ್ಲವೆಂದಲ್ಲ. ಎಡ್ವಿನ್ ಲ್ಯಾಂಡ್‌ಸೀರನು ೧೮೪೪ರಲ್ಲಿ ನೀರುನಾಯಿಯ ಬೇಟೆಯನ್ನು ಬರೆದಾಗ ಈಟಿಯ ತುದಿಯಲ್ಲಿ ಚುಚ್ಚಿಸಿಕೊಂಡು ತಿರುಚುವ ಪ್ರಾಣಿಯನ್ನು ಆಕಾಶದೆದುರಿಗೆ ಎತ್ತಿಹಿಡಿದು ತೋರಿಸಿದನು. ಇದರಲ್ಲಿ ಜುಗುಪ್ಸೆಯು ಭಯವನ್ನು ನುಂಗಿತು. ಅವನ ಇತರ ಮೃಗಚಿತ್ರಗಳಲ್ಲಿ ಜಿಂಕೆಯೂ ನಾಯಿಯೂ ಮನುಷ್ಯರಂತೆ ಕಣ್ಣು ತುಂಬಿಕೊಳ್ಳುತ್ತವೆ. ರಸವನ್ನು ಹೆಸರಿಟ್ಟು ಕರೆದರೆ ಅದು ಬರುವುದಿಲ್ಲವೆಂದು ಪಾಠಶಾಲೆಯ ಬಾಲಕನಿಗೂ ತಿಳಿದಿರುವ ಮಾತು.

ಸ್ಟಬ್ಸನ ಬೇಟೆಯ ಚಿತ್ರಗಳಲ್ಲಿ ನನಗೆ ಬಹಳ ಹಿಡಿಸಿದುದು ನಮ್ಮ ದೇಶಕ್ಕೆ ಸಂಬಂಧಪಟ್ಟದ್ದು. ಮದರಾಸಿನ ಗವರ್ನರಾಗಿದ್ದ ಜಾರ್ಜ್ ಪಿಗಟ್ಟನು ಮೂರನೆಯ ಜಾರ್ಜ್ ದೊರೆಗೆ ಒಂದು ಚಿರತೆಯನ್ನು, ಜಿಂಕೆಬೇಟೆಗೆ ಪಳಗಿಸಿದ ಸಿವಂಗಿಯನ್ನು, ಕಾಣಿಕೆಯಾಗಿ ಕೊಟ್ಟನು. ಸಿವಂಗಿಗಳಿಂದ ಬೇಟೆಯಾಡಿಸುವ ಕ್ರಮವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ ಮಾನಸೋಲ್ಲಾಸದ ಮೃಗಯಾಪ್ರಕರಣದಲ್ಲಿ ಅದನ್ನು ಹೇಳಿದ್ದಾನೆ. ೧೭೬೪ರಲ್ಲಿ ವಿಂಡ್ಸರಿನ ಉಪವನದಲ್ಲಿ ಆ ಪ್ರಾಣಿಯನ್ನು ಒಂದು ಸಾರಂಗದ ಮೇಲೆ ಬಿಟ್ಟು ನೋಡಿದರು. ಸಾರಂಗವು ಹೆದರದೆ ಕೊಂಬಿನಿಂದ ಅದನ್ನು ಹಿಮ್ಮೆಟ್ಟಿಸಿತು. ಚಿತ್ರದಲ್ಲಿ ಆ ಪರಾಭವವಿಲ್ಲ. ಬಿಳಿಯುಡುಪಿನ ಇಬ್ಬರು ಭಾರತೀಯ ಸೇವಕರಲ್ಲಿ ಒಬ್ಬನು ಪ್ರಾಣಿಯ ಕಣ್ಣಿನ ಮುಸುಕನ್ನು ಸರಿಸಿ ನಡುವಿನ ಪಟ್ಟಿಯನ್ನು ಹಿಡಿದಿದ್ದಾನೆ. ಇನ್ನೊಬ್ಬನು ಕೈನೀಡಿ ಸಾರಂಗವನ್ನು ತೋರಿಸುತ್ತಿದ್ದಾನೆ. ಸಾರಂಗವು ನಿಂತೇ ಇದೆ. ಬೇಟೆಯಾಡುವುದಕ್ಕೂ ಬೇಟೆಯಾಗುವುದಕ್ಕೂ ಚಿತ್ರದಲ್ಲಿ ಸಮನಾದ ಸ್ಥಳವಿದೆ, ನಡುವೆ ನಿಂತ ಸೇವಕರಿಗೂ ಇದೆ. ದೊರೆಯೂ ಗವರ್ನರೂ ಇಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರೀ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. ೯೪೯-೫೦ರ ಕಲ್ಲನ್ನು ಈ ಚಿತ್ರದೊಡನೆ ಹೋಲಿಸಿ ನೋಡಬಹುದು. ಗಂಗರ ಬೂತುಗನ ಸೇವಕನಾದ ಮಣಲೇರನು ತನಗೆ ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿಯೂ ಒಂದು ದೊಡ್ಡ ಹಂದಿಯೂ ಹೋರಾಡಿ ಎರಡೂ ಸತ್ತುವೆಂದು ಶಾಸನವು ಹೇಳುತ್ತದೆ. ಶಿಲ್ಪಿಯು ಕೆತ್ತಿರುವುದು ಆ ನಾಯಿ ಹಂದಿಗಳ ಕಾಳಗವನ್ನು. ಒಡೆಯನನ್ನು ಅಕ್ಷರಗಳಲ್ಲಿ ಹುಡುಕಬೇಕು. ಅಲ್ಲಿ ನಾಯಿಗಾದರೂ ಹೆಸರುಂಟು. ಸ್ಟಬ್ಸನ ಚಿತ್ರದ ಶೀರ್ಷಿಕೆಯಲ್ಲಿ ಪಂಪ್‌ಕಿನ್ ಎಂಬ ಕುದುರೆಗೆ ಹೆಸರಿದೆ, ಅದನ್ನು ಹಿಡಿದು ನಿಂತ ಹುಡುಗನಿಗೆ ಇಲ್ಲ. ಮುಖವನ್ನು ಮಾತ್ರ ಚಿತ್ರಕಾರನು ಕುದುರೆಯ ಮುಖದಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ.